ಗಣಿ ಕೊಳದ ಲೈನರ್ ಸೋರುತ್ತಿದೆ ಅನ್ನಿಸಿದಾಗ ಏನು ಮಾಡಬೇಕು

ಗಣಿಯ ಕೊಳಕು ನೀರು ನಿಲ್ಲಿಸುವ ಕೊಳಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಆ ನೀರು ನೆಲಕ್ಕೆ ಇಳಿಯದಂತೆ ಕೊಳದ ತಳಕ್ಕೂ ಬದಿಗೂ ಹಾಸಿದ ಪ್ಲಾಸ್ಟಿಕ್ ಹಾಳೆಯೇ ಲೈನರ್. ಹೊಸದಾಗಿ ಶಿಫ್ಟ್‌ಗೆ ಬಂದವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: "ಸೋರಿಕೆ ಅಂತ ಖಾತ್ರಿ ಇಲ್ಲ, ಈಗಲೇ ಹೇಳಬೇಕಾ?" ಹೌದು, ಈಗಲೇ ಹೇಳಿ. ನೀವು ಖಾತ್ರಿ ಮಾಡಿಕೊಳ್ಳುತ್ತಾ ಕೂತಷ್ಟು ಹೊತ್ತೂ ಆಮ್ಲ, ಸಲ್ಫೇಟ್, ಲೋಹ ಬೆರೆತ ನೀರು ಯಾರದೋ ಬಾವಿಯ ಕಡೆ ಹರಿಯುತ್ತಿರಬಹುದು.

ಮೊದಲು ಏರಿಯ ಬುಡ ನೋಡಿ. ಒಬ್ಬರೇ ಹೋಗಬೇಡಿ, ಸ್ವಲ್ಪ ದೂರದಿಂದಲೇ ನೋಡಿ. ಒಣಗಿರಬೇಕಾದ ಕಡೆ ತೇವ, ಒಂದೇ ಜಾಗದಲ್ಲಿ ದಟ್ಟ ಹಸಿರು, ಬಿಳಿ ಉಪ್ಪಿನ ಪದರ, ತುಕ್ಕಿನ ಬಣ್ಣದ ಕಲೆ, ಇವೆಲ್ಲ ಸುಳಿವುಗಳು. ನೀರು ಜಿನುಗುತ್ತಿದ್ದರೆ ಅದರ ಬಣ್ಣ ಗಮನಿಸಿ. ತಿಳಿಯಾಗಿದ್ದರೆ ಸಾಮಾನ್ಯವಾಗಿ ಕೆಲಸ ಮಾಡಲು ಸಮಯ ಸಿಗುತ್ತದೆ. ಕೆಸರಾಗಿದ್ದರೆ ಏರಿಯೊಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ. ಆಗ ಲೈನರ್ ವಿಷಯ ಬದಿಗಿಡಿ. ಏರಿಯ ಮೇಲಿದ್ದವರನ್ನೂ ಕೆಳಗಿದ್ದವರನ್ನೂ ಹೊರಗೆ ಕಳಿಸಿ, ತುರ್ತು ಯೋಜನೆ ಶುರು ಮಾಡಿ. ಏರಿಯ ಮೇಲೆ ಹೊಸ ಬಿರುಕು ಅಥವಾ ಕುಸಿತ ಕಂಡರೂ ಅಷ್ಟೇ.

ಜಿನುಗುವ ಜಾಗಕ್ಕೆ ಜೇಡಿಮಣ್ಣು ಮೆತ್ತಿ ಮುಚ್ಚೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ನೀರಿಗೆ ದಾರಿ ಕಟ್ಟಿದರೆ ಏರಿಯೊಳಗೆ ಒತ್ತಡ ಹೆಚ್ಚುತ್ತದೆ, ಅದು ಇನ್ನೊಂದು ಕಡೆ ಒಡೆದು ಬರುತ್ತದೆ. ಏರಿಯ ಎಂಜಿನಿಯರ್ ಹೇಳಿದಂತೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಕೊನೆಗೆ ಕಲ್ಲು ಹಾಕಿ. ನೀರು ಹೊರಗೆ ಬರಲಿ, ಮಣ್ಣು ಉಳಿಯಲಿ. ಬಂದ ನೀರನ್ನು ಹಿಡಿದು ಕೊಳಕ್ಕೋ ಟ್ಯಾಂಕಿಗೋ ವಾಪಸ್ ಪಂಪ್ ಮಾಡಿ.

ಕೊಳಕ್ಕೆ ಬರುವ ನೀರನ್ನು ನಿಲ್ಲಿಸಿ. ಮಟ್ಟ ಇಳಿಸಿದರೆ ಸೋರಿಕೆಯೂ ಕಡಿಮೆಯಾಗುತ್ತದೆ, ಆದರೆ ಗಾಬರಿಯಲ್ಲಿ ಒಂದೇ ಸಲಕ್ಕೆ ಖಾಲಿ ಮಾಡಬೇಡಿ. ನೆನೆದ ಏರಿಗೆ ಒಳಗಿನಿಂದ ನೀರೇ ಆಸರೆ. ಅದನ್ನು ದಿಢೀರನೆ ತೆಗೆದರೆ ಒಳ ಇಳಿಜಾರು ಜಾರಬಹುದು. ಲೈನರ್ ಕೆಳಗೆ ನೀರು ನಿಂತಿದ್ದರೆ ಅದು ಲೈನರನ್ನೇ ಮೇಲಕ್ಕೆತ್ತಿ ಹರಿದುಹಾಕಬಹುದು. ದಿನಕ್ಕೆ ಎಷ್ಟು ಇಳಿಸಬಹುದು ಎಂದು ಎಂಜಿನಿಯರ್ ಹೇಳಲಿ. ಇಳಿಸುವಾಗ ಮಟ್ಟವನ್ನೂ ಸೋರುವ ಪ್ರಮಾಣವನ್ನೂ ಅಕ್ಕಪಕ್ಕ ಬರೆದಿಡಿ. ಒಂದು ಎತ್ತರ ದಾಟಿದ ಮೇಲೆ ಸೋರಿಕೆ ನಿಂತರೆ ತೂತು ಆ ಎತ್ತರದ ಆಸುಪಾಸಿನಲ್ಲಿದೆ. ಈ ಬರಹ ನಂತರದ ಹುಡುಕಾಟವನ್ನು ಎಷ್ಟೋ ಕಡಿಮೆ ಮಾಡುತ್ತದೆ.

ಈ ಮಧ್ಯೆ ಲೆಕ್ಕ ಹಾಕಿ. ಒಂದು ಹೆಕ್ಟೇರ್ ಕೊಳದಲ್ಲಿ ಮಟ್ಟ 1 ಮಿ.ಮೀ. ಇಳಿದರೆ ಹೋಗಿದ್ದು 10,000 ಲೀಟರ್. ಬಂದ ನೀರು, ಮಳೆ, ಪಂಪ್ ಮಾಡಿದ್ದು, ಆವಿಯಾಗಿದ್ದು ಎಲ್ಲ ಕೂಡಿ ಕಳೆದ ಮೇಲೂ ಲೆಕ್ಕ ಹೊಂದದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಗಾಳಿ ನೀರನ್ನು ಒಂದು ದಡಕ್ಕೆ ತಳ್ಳುತ್ತದೆ, ಹಾಗಾಗಿ ಗಾಳಿ ಇಲ್ಲದ ಹೊತ್ತಲ್ಲಿ ಮಟ್ಟ ಅಳೆಯಿರಿ.

ಎರಡು ಪದರದ ಲೈನರ್ ಇದ್ದರೆ ಮಧ್ಯದ ಸಂಪ್, ಅಂದರೆ ಮೇಲಿನ ಪದರ ದಾಟಿ ಬಂದ ನೀರು ಸೇರುವ ಗುಂಡಿ, ನೋಡಿ. ಅಲ್ಲಿ ಅಲ್ಪಸ್ವಲ್ಪ ನೀರು ಸಾಮಾನ್ಯ. ಪ್ರಮಾಣ ಏರುತ್ತಿದೆಯೇ, ಪರವಾನಗಿಯ ಮಿತಿ ದಾಟಿದೆಯೇ ಎನ್ನುವುದು ಮುಖ್ಯ. ಆ ನೀರಿನ ವಿದ್ಯುತ್ ವಾಹಕತೆ (ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಅಳತೆ) ಕೊಳದ ನೀರಿನಷ್ಟೇ ಇದ್ದರೆ ಮೇಲಿನ ಪದರ ತೂತಾಗಿರುವ ಸಾಧ್ಯತೆ ಜಾಸ್ತಿ. ಸಂಪ್‌ನೊಳಗೆ ಸುಮ್ನೆ ತಲೆ ಹಾಕಬೇಡಿ. ಅಲ್ಲಿ ವಿಷಾನಿಲ ಇರಬಹುದು.

ಅಂತರ್ಜಲ ಹರಿಯುವ ದಿಕ್ಕಿನಲ್ಲಿ ಕೊಳದ ಮೇಲಿನ ಬೋರ್, ಕೆಳಗಿನ ಬೋರ್ ಎರಡರಿಂದಲೂ ಮಾದರಿ ತೆಗೆಯಿರಿ. ಸಲ್ಫೇಟ್, ಕ್ಲೋರೈಡ್ ಬೇಗ ಬರುತ್ತವೆ. ಮಣ್ಣು ಹಿಡಿದಿಟ್ಟುಕೊಳ್ಳುವುದರಿಂದ ಹಲವು ಲೋಹಗಳು ತಡವಾಗಿ ಬರುತ್ತವೆ. ಸುಣ್ಣದ ಅಂಶವಿರುವ ಮಣ್ಣು ಆಮ್ಲವನ್ನು ತಟಸ್ಥಗೊಳಿಸುವುದರಿಂದ ಅಲ್ಲಿ ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬ ಅಳತೆ) ಬಹಳ ಕಾಲ ಸರಿಯಾಗಿಯೇ ಕಾಣುತ್ತದೆ. "ಪಿಎಚ್ ಸರಿ ಇದೆ, ಲೋಹ ಇಲ್ಲ" ಎಂಬ ವರದಿ ಹಿಡಿದು ಸಮಾಧಾನಪಟ್ಟುಕೊಳ್ಳಬೇಡಿ. ಕರಗಿದ ಲೋಹದ ಮಾದರಿಯನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ನೈಟ್ರಿಕ್ ಆಮ್ಲ ಹಾಕುತ್ತಾರೆ. ಸಯನೈಡ್ ಮಾದರಿಗೆ ಮಾತ್ರ ಆಮ್ಲ ಸೋಕಲೇಬಾರದು, ವಿಷಾನಿಲ ಏಳುತ್ತದೆ. ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್.

ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೆಳಗೆ ನೀರು ಬಳಸುವವರಿಗೂ ಅದೇ ದಿನ ತಿಳಿಸಿ. ಏನು ಕಂಡಿತು, ಯಾವಾಗ, ನೀರಲ್ಲಿ ಏನಿದೆ, ನೀವೇನು ಮಾಡುತ್ತಿದ್ದೀರಿ, ಇಷ್ಟು ಸಾಕು. 2021ರ ಮಾರ್ಚ್‌ನಲ್ಲಿ ಅಮೆರಿಕದ ಫ್ಲೋರಿಡಾದ ಪೈನಿ ಪಾಯಿಂಟ್‌ನಲ್ಲಿ, ಹಳೆಯ ಫಾಸ್ಫೇಟ್ ಕಾರ್ಖಾನೆಯ ಕೊಳ ಸೋರಿತು. 300ಕ್ಕೂ ಹೆಚ್ಚು ಮನೆಗಳ ಜನ ಹೊರಡಬೇಕಾಯಿತು. ಏರಿ ಒಡೆಯದಿರಲೆಂದು ಸುಮಾರು 81 ಕೋಟಿ ಲೀಟರ್ ನೀರನ್ನು ಟ್ಯಾಂಪಾ ಕೊಲ್ಲಿಗೆ ಬಿಡಬೇಕಾಯಿತು. ಇಂಥ ಹೊತ್ತಿನಲ್ಲಿ ಮನೆ ಬಿಡುವವರಿಗೆ ಒಂದೊಂದು ಗಂಟೆಯೂ ಬೇಕು.

ತೂತು ಹುಡುಕುವಾಗ ಬೆಸುಗೆ ಸಾಲು, ಪೈಪ್ ಹಾದುಹೋಗುವ ಜಾಗ, ಮೂಲೆಗಳು, ಅಲೆ ಬಡಿಯುವ ಪಟ್ಟಿ, ಇಲ್ಲಿಂದ ಶುರು ಮಾಡಿ. ಕಾಣದಿದ್ದರೆ ವಿದ್ಯುತ್ ಪರೀಕ್ಷೆ ಮಾಡಿಸಿ. ಲೈನರ್ ಪ್ಲಾಸ್ಟಿಕ್, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಕೆಳಗಿನ ನೆಲ ತೇವವಾಗಿದ್ದರೆ ತೂತಿರುವ ಕಡೆ ಮಾತ್ರ ಹರಿದು ಮೀಟರ್‌ನಲ್ಲಿ ಕಾಣುತ್ತದೆ. ಒದ್ದೆ ಲೈನರ್ ಮೇಲೆ ಕಾಲು ನಿಲ್ಲುವುದಿಲ್ಲ, ಬಿದ್ದವರು ತಾವಾಗಿ ಹತ್ತಿ ಬರಲಾರರು. ಲೈಫ್ ಜಾಕೆಟ್, ಹಗ್ಗ, ದಡದಲ್ಲಿ ಒಬ್ಬರು ಇಲ್ಲದೆ ಯಾರನ್ನೂ ಇಳಿಸಬೇಡಿ.

ತೇಪೆಯ ಜಾಗ ಒಣಗಿ ಶುಚಿಯಾಗಿರಬೇಕು. ತೇಪೆ ತೂತಿನ ಸುತ್ತ 150 ಮಿ.ಮೀ. ಆದರೂ ಚಾಚಿರಲಿ, ಮೂಲೆ ದುಂಡಗಿರಲಿ, ಬೆಸುಗೆಯನ್ನು, ಗಾಳಿ ಹೀರಿ ಸೋರಿಕೆ ತೋರಿಸುವ ವ್ಯಾಕ್ಯೂಮ್ ಬಾಕ್ಸ್‌ನಿಂದ ಪರೀಕ್ಷಿಸಿ. ಆಮೇಲೆ ಹಂತಹಂತವಾಗಿ ತುಂಬಿಸಿ, ಪ್ರತಿ ಹಂತದಲ್ಲೂ ನಿಲ್ಲಿಸಿ ಸಂಪ್ ಮೀಟರ್ ನೋಡಿ. ಲೈನರ್ ಸರಿಯಾದ ಮೇಲೂ ಕೆಳಗಿನ ಬೋರ್‌ನಲ್ಲಿ ಸಲ್ಫೇಟ್ ಏರಬಹುದು, ಆಗಲೇ ಸೋರಿದ ನೀರು ಇನ್ನೂ ನಡೆದು ಬರುತ್ತಿರುತ್ತದೆ. ಬಾವಿಗಳ ಫಲಿತಾಂಶ ಸತತವಾಗಿ ಮೊದಲಿನಂತೆ ಬರುವವರೆಗೆ ಮಾದರಿ ತೆಗೆಯುತ್ತಿರಿ. ಅಲ್ಲಿಯವರೆಗೂ ಅಲ್ಲಿನವರಿಗೆ ಬೇರೆ ಕುಡಿಯುವ ನೀರು ಕೊಡುವುದನ್ನು ನಿಲ್ಲಿಸಬೇಡಿ.