ಫ್ಲಾರೆನ್ಸ್ ಬಿಟ್ಟು ಲಿವೋರ್ನೋದಲ್ಲೇ ಉಳಿದೆವು

ಮೂರನೇ ಕ್ರೂಸಿನಲ್ಲಿ, ಇಟಲಿಯ ಲಿವೋರ್ನೋದಲ್ಲಿ, ಕಡೆಗೂ ನಮಗೆ ಒಂದು ಬಂದರಿನ ದಿನ, ಅಂದರೆ ಹಡಗಿನಿಂದ ಇಳಿದು ಊರು ನೋಡುವ ದಿನ, ಕೈಹಿಡಿಯಿತು. ಮಗಳಿಗೆ ಐದೂವರೆ, ಮಗನಿಗೆ ಎರಡು ಮುಗಿದು ನಾಲ್ಕೈದು ತಿಂಗಳು. ಒಂಬತ್ತಕ್ಕೆ ಇಳಿದವರು ಮೂರೂವರೆಗೆ ಹಡಗಿಗೆ ಮರಳಿದೆವು. ನಡುವೆ ಒಂದೇ ಒಂದು ಸಲ ಅಳು, ಅದೂ ಐಸ್‌ಕ್ರೀಮ್ ಕೆಳಗೆ ಬಿದ್ದದ್ದಕ್ಕೆ. ನಾಲ್ಕೂ ಜನಕ್ಕೆ ಸೇರಿ ಎಂಬತ್ತು ಯೂರೋ ಒಳಗೇ ಮುಗಿಯಿತು.

ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ಭಾವ, "ಇಟಲಿಗೆ ಬಂದು ಲಿವೋರ್ನೋ ನೋಡ್ತೀಯಾ? ಅಲ್ಲಿ ಕ್ರೇನು, ಕಂಟೇನರ್ ಬಿಟ್ರೆ ಏನಿದೆಯಮ್ಮ?" ಅಂದಿದ್ದರು. ಅಕ್ಕ, ಭಾವ, ಅವರ ದೊಡ್ಡ ಮಕ್ಕಳಿಬ್ಬರೂ, ಲಿವೋರ್ನೋದಲ್ಲಿ ಇಳಿಯುವ ಹೆಚ್ಚಿನವರ ಹಾಗೆ, ದೂರದ ಫ್ಲಾರೆನ್ಸಿಗೆ ಹೊರಟಿದ್ದರು. ದೊಡ್ಡ ಮಕ್ಕಳಿರುವವರಿಗೆ ಅದೇ ಸರಿ. ನಾನು "ನೀವು ಹೋಗಿಬನ್ನಿ ಭಾವ, ನಾವು ಇಲ್ಲೇ ಇರ್ತೀವಿ" ಅಂದೆ. ಹಾಗೆ ಹೇಳುವ ಧೈರ್ಯ ಬರಲು ಎರಡು ವರ್ಷ, ಸುಮಾರು ಐನೂರು ಯೂರೋ ಹಿಡಿದಿತ್ತು.

ಮೊದಲ ಪೆಟ್ಟು ರೋಮ್ ನೋಡುವವರು ಇಳಿಯುವ ಬಂದರು ಚಿವಿತಾವೆಕ್ಕಿಯಾದಲ್ಲಿ. ಹಡಗಿನವರ ಬಸ್ಸು ದುಬಾರಿ ಅಂತ ನಾವೇ ರೈಲಿನಲ್ಲಿ ರೋಮಿಗೆ ಹೊರಟೆವು. ಬಂದರಿನೊಳಗಿನ ಬಸ್ಸು, ಅದು ನಿಲ್ಲುವ ಲಾರ್ಗೊ ದೆಲ್ಲಾ ಪಾಚೆಯಲ್ಲಿ ಇಳಿದು ಸ್ಟೇಷನ್ನಿಗೆ ಇನ್ನೊಂದು ಬಸ್ಸು, ಆಮೇಲೆ ಗಂಟೆಗೂ ಮೇಲೆ ರೈಲು. ಕೊಲೋಸಿಯಮ್ ಟಿಕೆಟ್ಟಿನ ಹೊತ್ತು ಮೀರಿಹೋಯಿತು, ಅಲ್ಲಿ ಮೂವತ್ತಾರು ಯೂರೋ ಗೋತಾ. ಹಿಂದಿರುಗುವಾಗ ರೈಲು ತಡ ಅಂತ ಫಲಕ ಬಿತ್ತು. ಸ್ವಂತವಾಗಿ ಇಳಿದವರಿಗಾಗಿ ಹಡಗು ಕಾಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಟ್ಯಾಕ್ಸಿಗೆ ನೂರೈವತ್ತೋ ನೂರಾ ಅರವತ್ತೋ ಕೊಟ್ಟು ಓಡಿಬಂದೆವು. ದಾರಿಯುದ್ದಕ್ಕೂ ಮಗಳಿಗೆ ವಾಂತಿ. ಆ ದಿನ ನಾನು ನೋಡಿದ ರೋಮ್ ಅಂದರೆ ಕೊಲೋಸಿಯಮ್ಮಿನ ಹೊರಗೋಡೆ, ಒಂದು ಔಷಧಿ ಅಂಗಡಿ.

ಮರುವರ್ಷ ನೇಪಲ್ಸ್. ಅಲ್ಲಿ ಬಂದರು ಊರಿನ ನಡುವೆಯೇ ಇದೆ, ಸುಮ್ಮನೆ ಊರಲ್ಲೇ ಇರಬೇಕಿತ್ತು. ಆಸೆ ಬಿಡಲಿಲ್ಲ, ಜ್ವಾಲಾಮುಖಿಯ ಬೂದಿಯಲ್ಲಿ ಹೂತಿದ್ದ ಹಳೆಯ ನಗರ ಪೊಂಪೇಯಿಗೆ ಹೋದೆವು. ಹೋಗುವಾಗ ರೈಲಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಪೊಂಪೇಯಿಯ ರಸ್ತೆಗಳಿಗೆ ಹಾಸಿರುವುದು ದಪ್ಪ ದಪ್ಪ ಲಾವಾ ಕಲ್ಲು, ನಡುನಡುವೆ ರಸ್ತೆ ದಾಟಲು ಎತ್ತರದ ಮೆಟ್ಟುಗಲ್ಲು. ತಳ್ಳುಗಾಡಿಯ ಮುಂದಿನ ಚಕ್ರ ಅರ್ಧ ಗಂಟೆಯೊಳಗೆ ಕಿತ್ತುಬಂತು. ಕೊಂಡು ಆರು ತಿಂಗಳಾಗಿರಲಿಲ್ಲ, ತೊಂಬತ್ತು ಯೂರೋ. ಹತ್ತು ಕೆಜಿ ಮಗನನ್ನು ಇವರು ಹೆಗಲ ಮೇಲೆ ಹೊತ್ತರು, ಮುರಿದ ಗಾಡಿ ನನ್ನ ಪಾಲಿಗೆ.

ಅಂದು ರಾತ್ರಿ ಕ್ಯಾಬಿನ್ನಿನಲ್ಲಿ ಕೂತು ಲೆಕ್ಕ ಹಾಕಿದೆ. ಇಳಿದಿದ್ದ ಎಂಟು ಗಂಟೆಯಲ್ಲಿ ಐದು ಗಂಟೆ ವಾಹನ, ಕ್ಯೂ, ಶೌಚಾಲಯದ ಹುಡುಕಾಟಕ್ಕೇ ಹೋಗಿತ್ತು. ಅವತ್ತೇ ತೀರ್ಮಾನ ಮಾಡಿದೆ: ಚಿಕ್ಕವನಿಗೆ ಐದು ತುಂಬುವವರೆಗೆ ಹಡಗಿನಿಂದ ಅರ್ಧ ಗಂಟೆಗಿಂತ ದೂರ ಹೋಗುವುದಿಲ್ಲ.

ಲಿವೋರ್ನೋದಲ್ಲಿ ಬಂದರಿನೊಳಗೆ ನಡೆಯಲು ಬಿಡುವುದಿಲ್ಲ, ಶಟಲ್ ಬಸ್ಸಿಗೆ ತಲೆಗೆ ಐದು ಯೂರೋ ತೆಗೆದುಕೊಂಡ ನೆನಪು. ಊರ ನಡುವಿನ ಚೌಕ ಪಿಯಾತ್ಸಾ ಗ್ರಾಂದೆ ಹತ್ತಿರ ಇಳಿಸುತ್ತದೆ. ಅಲ್ಲಿಂದ ಸಿಟಿ ಬಸ್ಸಿನಲ್ಲಿ ಕಡಲಂಚಿಗೆ, ತೆರಾತ್ಸಾ ಮಸ್ಕಾನ್ಯಿಗೆ. ಇದೇ ಊರಲ್ಲಿ ಹುಟ್ಟಿದ ಸಂಗೀತಗಾರ ಪಿಯೆತ್ರೋ ಮಸ್ಕಾನ್ಯಿಯ ಹೆಸರಿನ ಜಗಲಿ ಅದು. 34 ಸಾವಿರಕ್ಕೂ ಹೆಚ್ಚು ಕಪ್ಪು-ಬಿಳಿ ಹಾಸುಗಳು, ಸಮುದ್ರದ ಪಕ್ಕದಲ್ಲೇ ಅಂಕುಡೊಂಕಾಗಿ ಹರಡಿದ ದೊಡ್ಡ ಚದುರಂಗದ ಮಣೆಯ ಹಾಗೆ. ಮಗಳಿಗೆ ಕುಂಟೆಬಿಲ್ಲೆ ಹೇಳಿಕೊಟ್ಟೆ. ಕಪ್ಪಿನ ಮೇಲೆ ಕಾಲಿಟ್ಟರೆ ಔಟ್. ಗೆರೆ ಎಳೆಯುವ ಕೆಲಸವೇ ಇಲ್ಲ! ಒಂದು ಗಂಟೆ ಕುಂಟಿದಳು, ಯಾರೋ ಇಟಾಲಿಯನ್ ಹುಡುಗಿಯರಿಬ್ಬರು ಭಾಷೆ ಇಲ್ಲದೆಯೇ ಆಟಕ್ಕೆ ಸೇರಿಕೊಂಡರು. ಆಚೆಗೆ ನೇರ ಸಮುದ್ರ, ಹಾಗಾಗಿ ಚಿಕ್ಕವನಿಗೆ ಬೆನ್ನುಚೀಲದ ಹಗ್ಗ ಕಟ್ಟಿಯೇ ಬಿಟ್ಟಿದ್ದು. ನೆರಳು ಮಾತ್ರ ಎಲ್ಲೂ ಇಲ್ಲ, ಅದಕ್ಕೇ ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಬೇಕು. ಮಳೆಯೋ ಉರಿಬಿಸಿಲೋ ಬಂದರೆ ಇರಲಿ ಅಂತ ಪಕ್ಕದ ಅಕ್ವೇರಿಯಮ್ ಲೆಕ್ಕದಲ್ಲಿಟ್ಟುಕೊಂಡಿದ್ದೆ, ಬೇಕಾಗಲಿಲ್ಲ.

ಹನ್ನೊಂದೂವರೆಗೆ ವಾಪಸ್ ಊರೊಳಗೆ, ಕಾಲುವೆ ಪಕ್ಕದ 1894ರ ಮಾರುಕಟ್ಟೆಗೆ. ಎತ್ತರದ ಕಬ್ಬಿಣ-ಗಾಜಿನ ಚಾವಣಿ, ಒಳಗೆ ತಂಪು. ಮಧ್ಯಾಹ್ನದ ಹೊತ್ತಿಗೆ ಮುಚ್ಚಲು ಶುರುಮಾಡುತ್ತಾರೆ, ತಡ ಮಾಡಬೇಡಿ.

ಊಟದ ವಿಷಯಕ್ಕೆ ಬಂದರೆ, ನಾವು ಸಸ್ಯಾಹಾರಿಗಳು, ಲಿವೋರ್ನೋ ಹೆಸರಾಗಿರುವುದು ಕಚ್ಚುಕ್ಕೋ ಎಂಬ ಮೀನಿನ ಸಾರಿಗೆ. ಆದರೆ ಅದೇ ಊರಲ್ಲಿ ತೋರ್ತಾ ದಿ ಚೆಚಿ ಸಿಗುತ್ತದೆ: ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಟ್ಟೆಯಲ್ಲಿ ತೆಳ್ಳಗೆ ಹುಯ್ದು ಒಲೆಯಲ್ಲಿ ಬೇಯಿಸಿ, ಮೇಲೆ ಮೆಣಸಿನ ಪುಡಿ ಉದುರಿಸಿ ಬ್ರೆಡ್ಡಿನೊಳಗೆ ಇಟ್ಟುಕೊಡುತ್ತಾರೆ. ಅದಕ್ಕೆ ಚಿಂಕ್ವೆ ಎ ಚಿಂಕ್ವೆ, ಐದು ಮತ್ತು ಐದು, ಅಂತ ಹೆಸರು. ಹಿಂದೆ ಐದು ಕಾಸಿನ ಬ್ರೆಡ್ಡು, ಐದು ಕಾಸಿನ ತೋರ್ತಾ ಕೇಳುತ್ತಿದ್ದರಂತೆ. ಈಗ ಮೂರೋ ನಾಲ್ಕೋ ಯೂರೋ. ಮಕ್ಕಳಿಗೆ ಮೆಣಸು ಬೇಡ ಅಂತ ಮೊದಲೇ ಹೇಳಿ. ನಾವು ತಿಂದ ಅಂಗಡಿಯ ಹೆಸರು ಮಾತ್ರ ಹೇಳಲಾರೆ, ಇರುವುದೇ ಐದಾರು ಕುರ್ಚಿ, ಮುಂದಿನ ಸಲ ನಮಗೆ ಬೇಕು.

ಮನೆಗೆ ಬಂದಮೇಲೆ ಇದನ್ನು ಮೂರು ಸಲ ಮಾಡಿದೆ. ಒಂದು ಪಾಲು ಹಿಟ್ಟಿಗೆ ಮೂರು ಪಾಲು ನೀರು, ನಾಲ್ಕೈದು ಗಂಟೆ ನೆನೆಸಿ, ನೊರೆ ತೆಗೆದು, ಓವನ್ ಪೂರ್ತಿ ಕಾಯಿಸಿ. ನಮ್ಮ ಕಡಲೆಬೇಳೆಯ ಹಿಟ್ಟಿನಲ್ಲಿ ರುಚಿ ಬಂತು, ಆದರೆ ಒಳಗೆ ಆ ಮೆದುತನ ಬರಲಿಲ್ಲ. ಕಾಬೂಲಿ ಕಡಲೆಯ ಹಿಟ್ಟಿನಲ್ಲಿ ಮಾಡಿದ ಮೇಲೇ ಸರಿಹೋಯಿತು.

ಮಗ ಅದನ್ನು ಮುಟ್ಟಲಿಲ್ಲ. ಅವನಿಗೆ ಗೊಜ್ಜವಲಕ್ಕಿ. ಊರಿಂದ ಅಮ್ಮ ಕಳಿಸಿದ ಪುಡಿ ಬೆರೆಸಿದ ಒಣ ಅವಲಕ್ಕಿ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಹಡಗಿನಲ್ಲಿ ಕೆಟಲ್ ಇಟ್ಟುಕೊಳ್ಳಲು ಬಿಡಲಿಲ್ಲ, ಹಾಗಾಗಿ ಬೆಳಿಗ್ಗೆ ಚಹಾದ ಜಾಗದಲ್ಲೇ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡೆ. ನೀರು ಹಾಕಿ ಹತ್ತು ನಿಮಿಷಕ್ಕೆ ಊಟ ತಯಾರು.

ಊಟವಾದ ಮೇಲೆ ಫೊರ್ತೆತ್ಸಾ ನುವೋವಾ ಎಂಬ ಹಳೆಯ ಕೋಟೆ. ಸುತ್ತ ಕಾಲುವೆ, ಒಳಗೆ ಹುಲ್ಲು, ಮರ. ಮಗ ಗಾಡಿಯಲ್ಲಿ ಒಂದೂವರೆ ಗಂಟೆ ನಿದ್ದೆ ಮಾಡಿದ. ಹೊರಗೆ, ಹಗಲಲ್ಲಿ, ಅವನನ್ನು ಮಲಗಿಸಲು ನನ್ನದೊಂದು ಉಪಾಯವಿದೆ. ಅದನ್ನು ಇನ್ನೂ ಎರಡು ಬಂದರಿನಲ್ಲಿ ಪರೀಕ್ಷಿಸಿದ ಮೇಲೆ ಬರೆಯುತ್ತೇನೆ. ಇವರೂ ಹುಲ್ಲಿನ ಮೇಲೆ ಮಲಗಿಬಿಟ್ಟರು.

ಎದ್ದಮೇಲೆ ದೋಣಿ. ಹಳೆಯ ವೆನೆತ್ಸಿಯಾ ನುವೋವಾ ಬಡಾವಣೆಯ ಕಾಲುವೆಗಳಲ್ಲಿ ಸುಮಾರು ಮುಕ್ಕಾಲು ಗಂಟೆ ಸುತ್ತಿಸಿದರು, ದಿನದ ದೊಡ್ಡ ಖರ್ಚು ಇದೇ. ಪಿಯಾತ್ಸಾ ದೆಲ್ಲಾ ರೆಪುಬ್ಲಿಕಾ ನೋಡಲು ಚೌಕ, ನಿಜಕ್ಕೂ ಕಾಲುವೆಯ ಮೇಲೆ ಕಟ್ಟಿದ ಅಗಲವಾದ ಸೇತುವೆ. ಅದರ ಕೆಳಗೆ ಇನ್ನೂರು ಮೀಟರಿಗೂ ಉದ್ದದ ಕತ್ತಲೆಯ ಸುರಂಗ. ದೋಣಿ ಒಳಹೊಕ್ಕ ಕೂಡಲೇ ಇಬ್ಬರೂ "ಓಓಓ" ಅಂತ ಕೂಗಿದರು, ಸುರಂಗವೂ ಕೂಗಿತು. ಹೊರಬರುವವರೆಗೂ ನಿಲ್ಲಿಸಲಿಲ್ಲ, ದೋಣಿಯಲ್ಲಿದ್ದ ಮುದುಕರೊಬ್ಬರೂ ದನಿಗೂಡಿಸಿದರು.

ವಾಲುಗೋಪುರದ ಪೀಸಾ ಹತ್ತಿರವೇ ಅಲ್ಲವೇ ಅಂತ ಕೇಳುವವರಿಗೆ: ರೈಲಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ, ನಿಜ. ಆದರೆ ಬಂದರಿನಿಂದ ಸ್ಟೇಷನ್, ಪೀಸಾ ಸ್ಟೇಷನ್ನಿನಿಂದ ಗೋಪುರದವರೆಗೆ ಮತ್ತೆ ನಡಿಗೆ, ಎಲ್ಲ ಸೇರಿಸಿ ನೋಡಿ. ಎಂಟು ವರ್ಷದೊಳಗಿನ ಮಕ್ಕಳನ್ನು ಗೋಪುರ ಹತ್ತಿಸುವುದೂ ಇಲ್ಲ. ಮಗಳಿಗೆ ಎಂಟಾಗಲಿ, ಆಗ ಇವರು ಅವಳನ್ನು ಕರೆದೊಯ್ಯಲಿ. ನಾನು ಮಗನ ಜೊತೆ ಕುಂಟೆಬಿಲ್ಲೆಯ ಜಗಲಿಗೇ ಹೋಗುತ್ತೇನೆ.

ಮೂರೂವರೆಗೆ ಹಡಗು ಹತ್ತಿದಾಗ ಈಜುಕೊಳ ಹೆಚ್ಚುಕಡಿಮೆ ಖಾಲಿ, ಎಲ್ಲರೂ ಇನ್ನೂ ಫ್ಲಾರೆನ್ಸಿನಲ್ಲಿ. ಮಕ್ಕಳಿಬ್ಬರೂ ಒಂದು ಗಂಟೆ ನೀರಲ್ಲಿದ್ದರು. ಅಕ್ಕ-ಭಾವ ಬಂದದ್ದು ಐದೂಕಾಲಕ್ಕೆ.