ವಿಮಾನದ ಭಯಕ್ಕೆ ಒಬ್ಬ ಲಿಫ್ಟ್ ಮೆಕ್ಯಾನಿಕ್‌ನ ಉಪಾಯಗಳು

ವಿಮಾನ ಹತ್ತಲು ಹೆದರುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: 'ರಸ್ತೆಗಿಂತ ಆಕಾಶವೇ ಸೇಫ್ ಕಣ್ರೀ.' ನಿಜ. ಆದರೆ ಆ ಮಾತು ಕೇಳಿ ಭಯ ಬಿಟ್ಟವರನ್ನು ನಾನಂತೂ ನೋಡಿಲ್ಲ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಇದ್ದಕ್ಕಿದ್ದಂತೆ ತಗ್ಗಿದಾಗ ಹೊಟ್ಟೆಗೆ ಈ ಲೆಕ್ಕವೆಲ್ಲ ಎಲ್ಲಿ ಅರ್ಥವಾಗುತ್ತದೆ?

ನಾನು ಲಿಫ್ಟ್ ರಿಪೇರಿ ಮಾಡುವವನು. ಮಷೀನಿನ ಸದ್ದು ಕೇಳುವುದೇ ನನ್ನ ಅರ್ಧ ಕೆಲಸ. ಸದ್ದು ಬದಲಾಯಿತು ಅಂದರೆ ಏನೋ ಕೆಟ್ಟಿದೆ ಎಂದೇ ನನ್ನ ಕಿವಿ ಕಲಿತಿದೆ. ಇಂಥ ಕಿವಿ ಇಟ್ಟುಕೊಂಡು ವಿಮಾನದಲ್ಲಿ ಕೂರುವ ಪಾಡು ಯೋಚಿಸಿ. ಕೊನೆಗೆ ದಾರಿ ಸಿಕ್ಕಿದ್ದೂ ಅದೇ ಕೆಲಸದಿಂದ. ಲಿಫ್ಟ್ ನಡುವೆ ನಿಂತು ಜನ ಒಳಗೆ ಸಿಕ್ಕಿಕೊಂಡರೆ ನಾವು ಅವರಿಗೆ ಅಂಕಿ ಅಂಶ ಹೇಳುವುದಿಲ್ಲ. ಹೊರಗಿನಿಂದ ಕೂಗಿ ಹೇಳುತ್ತೇವೆ: 'ಈಗ ಟಕ್ ಅಂತ ಸದ್ದು ಬರುತ್ತೆ, ಅದು ಬ್ರೇಕ್. ಆಮೇಲೆ ಲಿಫ್ಟ್ ಮೆಲ್ಲಗೆ ಮೇಲಕ್ಕೆ ಹೋಗುತ್ತೆ. ನೀವು ಇಬ್ಬರೇ ಇದ್ದೀರಲ್ಲ, ಹಗ್ಗದ ಆ ಕಡೆ ಕಟ್ಟಿರೋ ತೂಕ ನಿಮಗಿಂತ ಜಾಸ್ತಿ, ಅದಕ್ಕೇ.' ಟಕ್ ಅಂದಾಗ ಯಾರೂ ಕಿರುಚುವುದಿಲ್ಲ. ಮೊದಲೇ ಗೊತ್ತಿತ್ತಲ್ಲ.

ವಿಮಾನಕ್ಕೂ ಇದೇ ಉಪಾಯ. ಧೈರ್ಯ ತಂದುಕೊಳ್ಳಲು ಹೋಗಬೇಡಿ, ಅದು ಬೇಕೆಂದಾಗ ಬರುವುದಿಲ್ಲ. ಮುಂದೆ ಯಾವ ಸದ್ದು, ಯಾವ ಅಲುಗಾಟ ಬರುತ್ತದೆ ಎಂದು ಕಲಿತು ಹೋಗಿ.

ನಿಮ್ಮ ಭಯ ಯಾವುದು?

ವಿಮಾನದ ಭಯ ಎಂದು ಒಟ್ಟಿಗೆ ಹೇಳುತ್ತೇವೆ, ಬಿಡಿಸಿ ನೋಡಿದರೆ ಒಳಗೆ ಬೇರೆ ಬೇರೆ ಭಯ. ಕೆಲವರಿಗೆ ಬೀಳುತ್ತದೆ ಎಂಬ ಚಿಂತೆ. ಕೆಲವರಿಗೆ ಅದಲ್ಲ, ಬಾಗಿಲು ಮುಚ್ಚಿದ ಮೇಲೆ ಇಳಿಯಲು ಆಗುವುದಿಲ್ಲ ಎನ್ನುವುದೇ ಉಸಿರು ಕಟ್ಟಿಸುತ್ತದೆ. ಎಲ್ಲರೆದುರು ಗಾಬರಿಯಾಗಿ ಮಾನ ಹೋದರೆ ಎಂದು ಹೆದರುವವರೂ ಇದ್ದಾರೆ. 'ವಿಮಾನ ಹತ್ತಿದರೆ ನನಗೆ...' ಎಂದು ಒಂದು ಚೀಟಿಯಲ್ಲಿ ಬರೆದು, ವಾಕ್ಯ ಮುಗಿಸಿ ನೋಡಿ. ಮುಚ್ಚಿದ ಜಾಗದ ಭಯವಾದರೆ ಓಡಾಡುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಸಣ್ಣ ಕೋಣೆ, ಲಿಫ್ಟ್‌ಗಳಲ್ಲಿ ಮೊದಲು ಅಭ್ಯಾಸ ಮಾಡಿ. ಗಾಬರಿಯ ಭಯವಾದರೆ ಕೆಳಗೆ ಮೈಯ ಬಗ್ಗೆ ಬರೆದಿರುವುದನ್ನು ಮೊದಲು ಓದಿ. ನನ್ನ ಹಾಗೆ ಸದ್ದಿಗೆ ಬೆಚ್ಚುವವರಾದರೆ ಇಲ್ಲಿಂದಲೇ ಶುರು.

ಸದ್ದುಗಳ ಸರದಿ

ಸೀಟಿನಲ್ಲಿ ಕೂತಾಗ ಮೇಲಿನಿಂದ ಬಿಳಿ ಹೊಗೆ ಇಳಿದಂತೆ ಕಾಣಬಹುದು. ಅದು ಹೊಗೆಯಲ್ಲ. ಏಸಿಯ ತಣ್ಣನೆ ಗಾಳಿ ತೇವದ ಹವೆಗೆ ಸೇರಿ ಆಗುವ ಮಂಜು. ಎಂಜಿನ್ ಶುರು ಮಾಡುವಾಗ ಹೆಚ್ಚಿನ ವಿಮಾನಗಳಲ್ಲಿ ಏಸಿ ಸದ್ದು ನಿಂತೇಹೋಗುತ್ತದೆ, ಯಾಕೆಂದರೆ ಎಂಜಿನ್ ತಿರುಗಿಸಲು ಅದೇ ಗಾಳಿಯ ಒತ್ತಡ ಬೇಕು. ದೀಪ ಒಮ್ಮೆ ಮಿನುಗಿದರೆ ಕರೆಂಟು ಒಂದು ಜನರೇಟರ್‌ನಿಂದ ಇನ್ನೊಂದಕ್ಕೆ ಬದಲಾಯಿತು ಎಂದರ್ಥ. ಏರ್‌ಬಸ್ ಎ320 ಆದರೆ ಕಾಲ ಕೆಳಗಿನಿಂದ ನಾಯಿ ಬೊಗಳಿದಂಥ ಸದ್ದು ಬರುತ್ತದೆ. ಮೊದಲ ಸಲ ಕೇಳಿದಾಗ ಎದ್ದು ಹೋಗೋಣ ಅನಿಸಿತ್ತು. ವಿಮಾನದಲ್ಲಿ ಒಂದಕ್ಕಿಂತ ಹೆಚ್ಚು ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ಕೆಲಸ ಮಾಡುವ, ವ್ಯವಸ್ಥೆ ಇರುತ್ತದೆ. ಒಂದರ ಒತ್ತಡದಿಂದ ಇನ್ನೊಂದಕ್ಕೆ ಒತ್ತಡ ಕೊಡುವ ಪಂಪ್ ಅದು.

ರನ್‌ವೇಯಲ್ಲಿ ಓಡುವಾಗ ಟಕ್ ಟಕ್ ಎಂದು ಒಂದೇ ಸಮ ಕೇಳಿಸುವುದು ನಡುಗೆರೆಯ ದೀಪಗಳ ಮೇಲೆ ಮುಂದಿನ ಚಕ್ರ ಹಾಯುವ ಸದ್ದು. ತಲೆಯ ಮೇಲಿನ ಲಗೇಜ್ ಪೆಟ್ಟಿಗೆಗಳು ಗಡಗಡ ಅನ್ನುತ್ತವೆ. ಅನ್ನಲಿ, ವಿಮಾನವನ್ನು ಹಿಡಿದಿಟ್ಟಿರುವುದು ಆ ಪ್ಲಾಸ್ಟಿಕ್ ಅಲ್ಲ. ನೆಲ ಬಿಟ್ಟ ಕೆಲವೇ ಸೆಕೆಂಡಿಗೆ ಗರ್ ಅಂದು ಧಡ್ ಅನ್ನುತ್ತದೆ: ಚಕ್ರ ಒಳಗೆ ಹೋಗಿ ಬಾಗಿಲು ಮುಚ್ಚಿತು.

ಇನ್ನು ಬರುವುದು ನನ್ನ ಪಾಲಿಗೆ ಅತಿ ಕೆಟ್ಟ ಗಳಿಗೆ. ಒಂದು ಸಾವಿರ, ಒಂದೂವರೆ ಸಾವಿರ ಅಡಿ ಏರುವ ಹೊತ್ತಿಗೆ ಪೈಲಟ್ ಎಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತಾರೆ. ಟೇಕಾಫ್‌ಗೆ ಬೇಕಾದಷ್ಟು ಜೋರು ಆಮೇಲೆ ಬೇಕಿಲ್ಲ, ಎಂಜಿನ್ನಿಗೂ ಒಳ್ಳೆಯದು, ಕೆಳಗಿನ ಜನರಿಗೆ ಗದ್ದಲವೂ ಕಡಿಮೆ. ಆಮೇಲೆ ರೆಕ್ಕೆಯ ಹಿಂಬದಿಗೆ ಚಾಚಿದ್ದ ಫ್ಲಾಪ್ ಎಂಬ ಹಲಗೆಗಳು ಕುಯ್ ಎಂದು ಒಳಗೆ ಸರಿಯುತ್ತವೆ. ಏರುವ ರಭಸ ತಗ್ಗುತ್ತದೆ. ನಮ್ಮ ಒಳಕಿವಿಗೆ ತಿಳಿಯುವುದು ವೇಗ ಬದಲಾಗುವುದು ಮಾತ್ರ. ಏರುವುದು ನಿಧಾನವಾದರೆ ಅದು ಇಳಿಯುತ್ತಿದ್ದೇವೆ ಎಂದು ವರದಿ ಕೊಡುತ್ತದೆ. ವಿಮಾನ ಮಾತ್ರ ಆಗಲೂ ಮೇಲಕ್ಕೇ ಹೋಗುತ್ತಿರುತ್ತದೆ. ನಂಬಿಕೆ ಬಾರದಿದ್ದರೆ ಸೀಟಿನ ಎದುರಿನ ಪರದೆಯಲ್ಲಿ ಎತ್ತರದ ಸಂಖ್ಯೆ ನೋಡಿ. ಪರದೆ ಇಲ್ಲದಿದ್ದರೆ ಕಿಟಕಿಯಲ್ಲಿ ನೋಡಿ, ಮನೆಗಳು ಚಿಕ್ಕದಾಗುತ್ತಲೇ ಇರುತ್ತವೆ.

ಮೇಲೆ ಹೋದ ಮೇಲೆ ಬರುವ ಟಿಂಗ್ ಸದ್ದುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಯಾರೋ ನೀರು ಕೇಳಿದರು, ಸಿಬ್ಬಂದಿ ಒಬ್ಬರನ್ನೊಬ್ಬರು ಕರೆದರು, ಬೆಲ್ಟಿನ ದೀಪ ಆರಿತು, ಇಷ್ಟೇ.

ಇಳಿಯುವಾಗ ಸರದಿ ಬೇರೆ. ಮೊದಲು ಎಂಜಿನ್ ತೀರಾ ಮೆತ್ತಗಾಗುತ್ತದೆ. ಹೆಚ್ಚಿನ ಇಳಿತ ನಡೆಯುವುದೇ ಹೀಗೆ, ತೇಲಿಕೊಂಡು. ರೆಕ್ಕೆಯ ಮೇಲಿನ ಹಲಗೆಗಳು ಎದ್ದು ನಿಂತರೆ ಇಡೀ ವಿಮಾನ ಗುರ್ರ್ ಎಂದು ನಡುಗುತ್ತದೆ, ಅದು ಗಾಳಿಯಲ್ಲಿ ಹಾಕುವ ಬ್ರೇಕ್. ಮತ್ತೆ ಕುಯ್, ಫ್ಲಾಪ್. ಮತ್ತೆ ಧಡ್, ಚಕ್ರ ಹೊರಗೆ ಬಂತು, ಜೊತೆಗೆ ಗಾಳಿಯ ಭೋರ್ಗರೆತ. ಒಮ್ಮೊಮ್ಮೆ ನೆಲ ಹತ್ತಿರ ಬಂದಾಗ ವಿಮಾನ ಏಕಾಏಕಿ ಅಬ್ಬರಿಸಿ ಮತ್ತೆ ಮೇಲೇರುತ್ತದೆ. ರನ್‌ವೇಯಲ್ಲಿ ಇನ್ನೊಂದು ವಿಮಾನ ಇನ್ನೂ ಇತ್ತೋ, ಗಾಳಿ ತಿರುಗಿತೋ, ಪೈಲಟ್ 'ಇದು ಬೇಡ, ಇನ್ನೊಂದು ಸುತ್ತು' ಎಂದಿರುತ್ತಾರೆ. ಒಂದಿಷ್ಟು ಅನುಮಾನ ಬಂದರೂ ಕೆಲಸ ನಿಲ್ಲಿಸಿ ಮತ್ತೆ ಮಾಡುವವರ ಮೇಲೆ ನನಗೆ ಗೌರವ ಜಾಸ್ತಿ. ನೆಲಕ್ಕೆ ಚಕ್ರ ತಾಗಿದ ಮೇಲಿನ ಭಾರೀ ಗರ್ಜನೆ ಎಂಜಿನ್ ಗಾಳಿಯನ್ನು ಮುಂದಕ್ಕೆ ತಳ್ಳಿ ವೇಗ ಇಳಿಸುವುದು. ರನ್‌ವೇ ಒದ್ದೆಯಿದ್ದರೆ ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಇಳಿಸುತ್ತಾರೆ, ಚಕ್ರಕ್ಕೆ ಹಿಡಿತ ಸಿಗಲಿ ಎಂದು.

ಇದನ್ನೆಲ್ಲ ಬಾಯಿಪಾಠ ಮಾಡಬೇಡಿ. ನಾನು ಸರ್ವೀಸ್ ಶೀಟಿನ ಹಾಗೆ ಒಂದು ಹಾಳೆ ಮಾಡಿಕೊಂಡಿದ್ದೇನೆ. ಎಡಕ್ಕೆ ಬರಬೇಕಾದ ಸದ್ದು, ಬಲಕ್ಕೆ ಖಾಲಿ ಚೌಕ. ಸದ್ದು ಬಂದ ಕೂಡಲೇ ಟಿಕ್. 'ಅಯ್ಯೋ ಏನಿದು' ಎನ್ನುವ ಜಾಗದಲ್ಲಿ 'ಬಂತಲ್ಲ' ಬರುತ್ತದೆ. ಪಕ್ಕದವರು ನನ್ನನ್ನು ಇನ್ಸ್‌ಪೆಕ್ಟರ್ ಎಂದುಕೊಂಡದ್ದೂ ಉಂಟು.

ಎಂಜಿನ್ ನಿಂತರೆ?

ಮಷೀನಿನ ಕೆಲಸದವನಾಗಿ ಇದನ್ನು ಕೇಳದೆ ಬಿಡಲು ಆಗಲಿಲ್ಲ. ಎರಡು ಎಂಜಿನ್ನಿನ ವಿಮಾನ ಟೇಕಾಫ್ ಹೊತ್ತಿನಲ್ಲೇ ಒಂದನ್ನು ಕಳೆದುಕೊಂಡರೂ ಉಳಿದ ಒಂದರಲ್ಲಿ ಮೇಲೇರಿ, ತಿರುಗಿ ಬಂದು ಇಳಿಯಬಲ್ಲದು. ಹಾಗೆ ಆಗದ ವಿಮಾನಕ್ಕೆ ಪರವಾನಗಿಯೇ ಸಿಗುವುದಿಲ್ಲ. ಎರಡೂ ನಿಂತರೆ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತದೆ. 2001ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಒಂದು ಏರ್‌ಬಸ್ ಎ330ರ ಇಂಧನ ಸೋರಿ ಎರಡೂ ಎಂಜಿನ್ ನಿಂತವು. ಸುಮಾರು 19 ನಿಮಿಷ ತೇಲಿಕೊಂಡೇ ಬಂದು ಅಜೋರ್ಸ್ ದ್ವೀಪಗಳಲ್ಲೊಂದರಲ್ಲಿ ಇಳಿಯಿತು. ಒಳಗಿದ್ದ 306 ಜನರೂ ಬದುಕಿದರು. ಇನ್ನು ಹಾರುವ ಎತ್ತರದಲ್ಲಿ ಬಾಗಿಲನ್ನು ಯಾರಾದರೂ ತೆಗೆದರೆ ಎಂಬ ಚಿಂತೆ: ಒಳಗಿನ ಗಾಳಿಯ ಒತ್ತಡ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುತ್ತದೆ, ಮನುಷ್ಯನ ತೋಳಿಗೆ ಅದು ಬಗ್ಗುವುದಿಲ್ಲ.

ಕುಲುಕಾಟ

'ಏರ್ ಪಾಕೆಟ್' ಎನ್ನುತ್ತಾರಲ್ಲ, ಗಾಳಿ ಇಲ್ಲದ ಗುಂಡಿ, ಅಂಥದ್ದು ಆಕಾಶದಲ್ಲಿ ಇಲ್ಲ. ಗಾಳಿ ಮೇಲೆ ಕೆಳಗೆ ಹರಿಯುತ್ತದೆ, ವಿಮಾನ ಅದರ ಜೊತೆ ಏರಿ ಇಳಿಯುತ್ತದೆ. ನೂರಾರು ಅಡಿ ಬಿದ್ದೆವು ಅನಿಸುವ ಹೊತ್ತಿನಲ್ಲಿ ಹೆಚ್ಚಿನ ಸಲ ಇಳಿದಿರುವುದು ಕೆಲವೇ ಮೀಟರ್. ಅರ್ಧ ತುಂಬಿದ ನೀರಿನ ಬಾಟಲಿಯನ್ನು ಟ್ರೇ ಮೇಲೆ ಹಿಡಿದು ನೀರನ್ನೇ ನೋಡಿ. ಮೈಗೆ ಅನಿಸಿದಷ್ಟು ಅದು ಅಲುಗಾಡುವುದಿಲ್ಲ.

ರೆಕ್ಕೆ ಬಾಗುವುದನ್ನು ನೋಡಿ ಹೆದರುವವರಿದ್ದಾರೆ. ಬಾಗದಿದ್ದರೆ ಹೆದರಬೇಕು. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ಹಾಕಿದರೂ 3 ಸೆಕೆಂಡ್ ಮುರಿಯದೆ ನಿಲ್ಲಬೇಕು ಎಂಬುದು ನಿಯಮ. 2010ರಲ್ಲಿ ಬೋಯಿಂಗ್ 787ಕ್ಕೆ ಈ ಪರೀಕ್ಷೆ ಮಾಡಿದಾಗ ರೆಕ್ಕೆಯ ತುದಿ ಸುಮಾರು 25 ಅಡಿ ಮೇಲಕ್ಕೆ ಬಾಗಿತು.

ಹಾಗಂತ ಕುಲುಕಾಟದಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಪೆಟ್ಟು ಬೀಳುತ್ತದೆ. ಮುಖ್ಯವಾಗಿ ಬೆಲ್ಟ್ ಹಾಕದವರಿಗೆ ಮತ್ತು ಓಡಾಡುತ್ತಿರುವ ಸಿಬ್ಬಂದಿಗೆ. ಹಾಗಾಗಿ ದೀಪ ಆರಿದರೂ ಬೆಲ್ಟ್ ಬಿಚ್ಚಬೇಡಿ. ಹೊಟ್ಟೆಯ ಮೇಲೆ ಅಲ್ಲ, ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂರಬೇಕು. ಕುಲುಕಾಟ ಜೋರಾದಾಗ ಸಿಬ್ಬಂದಿ ಹೋಗಿ ಕೂತರೆ ಅವರೂ ಹೆದರಿದರು ಎಂದುಕೊಳ್ಳಬೇಡಿ, ಅದು ಅವರ ನಿಯಮ. ಸೀಟು ಆರಿಸುವಾಗ ರೆಕ್ಕೆಯ ಹತ್ತಿರದ್ದು ನೋಡಿ, ಅಲ್ಲಿ ಅಲುಗಾಟ ಕಡಿಮೆ, ಬಾಲದ ಕಡೆ ಜಾಸ್ತಿ. ಬೆಳಗಿನ ಜಾವದ ವಿಮಾನ ಸಾಮಾನ್ಯವಾಗಿ ಮೆತ್ತಗಿರುತ್ತದೆ, ನೆಲ ಕಾದು ಗಾಳಿ ಮೇಲೇಳುವುದು ಹಗಲು ಏರಿದ ಮೇಲೆ ತಾನೆ.

ಮೈ ಏನು ಮಾಡುತ್ತದೆ

ಗಾಬರಿಯಾದಾಗ ಉಸಿರು ಚಿಕ್ಕದಾಗಿ, ಬೇಗ ಬೇಗ ಓಡುತ್ತದೆ. ಆಗ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು, ಉಸಿರು ಸಾಲದು ಅನಿಸುವುದು ಇದರಿಂದಲೇ. ಗಾಳಿ ಸಾಕಷ್ಟಿದೆ, ಬೇಗ ಬೇಗ ಉಸಿರಾಡಿ ನೀವು ಇಂಗಾಲದ ಡೈ ಆಕ್ಸೈಡನ್ನು ಜಾಸ್ತಿ ಹೊರಗೆ ಬಿಡುತ್ತಿದ್ದೀರಿ. ಇಂಥ ಹೊತ್ತಿನಲ್ಲಿ 'ಉದ್ದಕ್ಕೆ ಉಸಿರು ಎಳ್ಕೊಳ್ಳಿ' ಎನ್ನುವ ಸಲಹೆ ಅಷ್ಟು ಒಳ್ಳೆಯದಲ್ಲ. ಉದ್ದಕ್ಕೆ ಬಿಡಬೇಕು. ಮೂಗಿನಲ್ಲಿ ನಾಲ್ಕು ಎಣಿಸಿ ಎಳೆದು, ಆರೋ ಏಳೋ ಎಣಿಸುತ್ತಾ ಮೆಲ್ಲಗೆ ಬಿಡಿ. ಐದು ನಿಮಿಷ ಸಾಕು. ಮನೆಯಲ್ಲಿ ಸುಮ್ನೆ ಕೂತಾಗಲೇ ಅಭ್ಯಾಸ ಮಾಡಿ, ಮೊದಲ ಸಲ ವಿಮಾನದಲ್ಲೇ ಮಾಡಿದರೆ ಎಣಿಕೆಯೇ ತಪ್ಪುತ್ತದೆ.

ಭಯದ ಅಲೆ ಕೆಲವು ನಿಮಿಷಗಳಲ್ಲಿ ತುದಿಗೆ ಹೋಗಿ ಇಳಿಯತೊಡಗುತ್ತದೆ. ತಡೆಯಲು ಹೋದಷ್ಟೂ ಎಳೆದಾಡುತ್ತದೆ. 'ಬಾ, ಬಂದು ಕೂತ್ಕೋ' ಎಂದು ಬಿಟ್ಟುಕೊಟ್ಟವರಿಗೆ ಬೇಗ ಹೋಗುತ್ತದೆ. ಹುಚ್ಚು ಮಾತು ಅನಿಸಬಹುದು, ಮಾಡಿ ನೋಡಿ.

ಕಳ್ಳ ಅಭ್ಯಾಸಗಳು

ಹೆದರುವವರೆಲ್ಲರ ಬಳಿ ಇವು ಇರುತ್ತವೆ. ಕೈಹಿಡಿಕೆ ಬಿಗಿಹಿಡಿದು ವಿಮಾನವನ್ನು ತಾನೇ ಎತ್ತಿ ಹಿಡಿದಂತೆ ಕೂರುವುದು. ಗಗನಸಖಿಯ ಮುಖವನ್ನೇ ನೋಡುವುದು. ಹೊರಡುವ ವಾರ ಪೂರ್ತಿ ಹವಾಮಾನ ನೋಡುವುದು. ಹತ್ತುವ ಮೊದಲು ಮನೆಯವರಿಗೆ ಕೊನೆಯ ಮಾತಿನಂಥ ಮೆಸೇಜ್ ಕಳಿಸುವುದು. ಸುರಕ್ಷಿತವಾಗಿ ಇಳಿದ ಮೇಲೆ ಮನಸ್ಸು ಏನು ಕಲಿಯುತ್ತದೆ ಗೊತ್ತಾ? 'ಗಟ್ಟಿಯಾಗಿ ಹಿಡಿದೆ, ಅದಕ್ಕೇ ಬದುಕಿದೆ' ಎಂದು. ಭಯ ಹಾಗೇ ಉಳಿಯುತ್ತದೆ. ಒಂದು ಪ್ರಯಾಣಕ್ಕೆ ಒಂದು ಅಭ್ಯಾಸ ಬಿಡಿ. ನಾನು ಮೊದಲು ಬಿಟ್ಟದ್ದು ಕೈಹಿಡಿಕೆ. ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟು, ಭುಜ ಇಳಿಬಿಟ್ಟು ಕೂತೆ. ಮೈ ಸಡಿಲವಿದ್ದರೆ ಕುಲುಕಾಟವೂ ಕಡಿಮೆ ಅನಿಸುತ್ತದೆ. ಹೆಂಡತಿಯ ಕೈ ಅದುಮಿ ಹಿಡಿಯುವುದನ್ನು ಬಿಟ್ಟದ್ದು ಆಮೇಲೆ. ಅವಳಿಗೆ ಅದೇ ದೊಡ್ಡ ಲಾಭ.

ಕುಡಿದು ಹತ್ತುವುದೂ ಇದೇ ಸಾಲಿಗೆ ಸೇರುತ್ತದೆ. ಯಾರೋ ಕೊಟ್ಟ ನಿದ್ದೆ ಮಾತ್ರೆಯಂತೂ ಬೇಡವೇ ಬೇಡ, ಮದ್ಯದ ಜೊತೆ ಅದು ಅಪಾಯ. ಮಾತ್ರೆ ಬೇಕೇ ಬೇಕು ಅನಿಸಿದರೆ ಡಾಕ್ಟರನ್ನು ಕೇಳಿ. ಭಯದಿಂದ ಟಿಕೆಟ್ಟನ್ನೇ ಮತ್ತೆ ಮತ್ತೆ ರದ್ದು ಮಾಡುತ್ತಿದ್ದರೆ, ಅಥವಾ ಬೇರೆ ಕಡೆಯೂ ಗಾಬರಿ ಬರುತ್ತಿದ್ದರೆ, ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ. ಹೆದರಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ, ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಈ ಭಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವು ವಿಮಾನ ಕಂಪನಿಗಳೂ ಇದಕ್ಕೆಂದೇ ತರಬೇತಿ ನಡೆಸುತ್ತವೆ.

ಹೊರಡುವ ಮೊದಲು, ಇಳಿದ ಮೇಲೆ

ವಿಮಾನದೊಳಗೆ ಕೂತು ತೆಗೆದ ಟೇಕಾಫ್ ವೀಡಿಯೊಗಳನ್ನು ಇಯರ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೇಳಿ. ಬೇಜಾರಾಗುವವರೆಗೆ ಕೇಳಬೇಕು, ಬೇಜಾರೇ ಇಲ್ಲಿ ಗುರಿ. ಅಪಘಾತದ ವೀಡಿಯೊ ಬೇಡ. ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ನೀವು ಹೋಗುವ ಅದೇ ವಿಮಾನ ದಿನಾ ಹೊರಟು ದಿನಾ ಇಳಿಯುವುದನ್ನು ಒಂದು ವಾರ ನೋಡಿ. ಮೊದಲ ಪ್ರಯಾಣ ಗಂಟೆ, ಒಂದೂವರೆ ಗಂಟೆಯದ್ದಾಗಿರಲಿ.

ಹತ್ತುವಾಗ ಬಾಗಿಲಲ್ಲಿ ನಿಂತವರಿಗೆ ಹೇಳಿಬಿಡಿ: 'ಮೇಡಂ, ನನಗೆ ವಿಮಾನ ಅಂದ್ರೆ ಭಯ. ಬಿಡುವಾದಾಗ ಒಮ್ಮೆ ಈ ಕಡೆ ಬಂದು ಹೋಗ್ತೀರಾ?' ಇಂಥವರನ್ನು ಅವರು ದಿನವೂ ನೋಡುತ್ತಾರೆ. ಹೇಳಿದ ಮೇಲೆ ಬಚ್ಚಿಡುವ ಕೆಲಸ ತಪ್ಪುತ್ತದೆ, ಅರ್ಧ ಸುಸ್ತು ಅದರದ್ದೇ.

ಇಳಿದು ಲಗೇಜಿಗೆ ಕಾಯುವಾಗ ಆ ಹಾಳೆಯ ಹಿಂದೆ ಎರಡು ಸಾಲು ಬರೆಯಿರಿ: ಏನಾಗುತ್ತದೆ ಎಂದುಕೊಂಡಿದ್ದೆ, ಏನಾಯಿತು. ಆಗಲೇ ಬರೆಯಬೇಕು. ಮಾರನೇ ದಿನಕ್ಕೆ ನೆನಪಿನಲ್ಲಿ ಕುಲುಕಾಟ ದೊಡ್ಡದಾಗಿರುತ್ತದೆ. ವಾಪಸ್ ಬರುವಾಗ ಭಯ ಇನ್ನೂ ಜಾಸ್ತಿ ಇರಬಹುದು, ಕೆಲವರಿಗೆ ಹಾಗಾಗುತ್ತದೆ, ಅದನ್ನು ಸೋಲು ಎಂದು ಎಣಿಸಬೇಡಿ. ಮುಂದಿನ ಪ್ರಯಾಣವನ್ನು ವರ್ಷಗಟ್ಟಲೆ ಮುಂದೂಡದೆ ಕೆಲವು ವಾರಗಳಲ್ಲೇ ಇಟ್ಟುಕೊಳ್ಳಿ. ಹಾಳೆ ಹೊಸದು ಬೇಡ, ಹಳೆಯದನ್ನೇ ತೆಗೆದುಕೊಂಡು ಹೋಗಿ, ಟಿಕ್ ಹಾಕಲು ಇನ್ನೊಂದು ಬಣ್ಣದ ಪೆನ್ ಇರಲಿ.