ಗಣಿಯಲ್ಲಿ ವಾರ್ಷಿಕ ಮರುತರಬೇತಿ: ಕೈಗೆ ಹತ್ತುವಂತೆ ನಡೆಸುವುದು ಹೇಗೆ

ರಾತ್ರಿ ಪಾಳಿ ಮುಗಿಸಿ ನೇರ ಬಂದು ಕೂತ ಇಪ್ಪತ್ತೈದು ಮಂದಿ, ಹೋದ ವರ್ಷದ್ದೇ ಸ್ಲೈಡುಗಳು, ಹಿಂದಿನ ಬೆಂಚಿನಲ್ಲಿ ತೂಕಡಿಕೆ, ಸಂಜೆಗೆ ಹಾಜರಿ ಪುಸ್ತಕಕ್ಕೆ ಸಹಿ. ಗಣಿಗಳಲ್ಲಿ ಮರುತರಬೇತಿ ಎಂದರೆ ಬಹುಪಾಲು ಇಷ್ಟೇ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 176ನೇ ಒಡಂಬಡಿಕೆ (1995) ಗಣಿ ಮಾಲೀಕರು ಕಾರ್ಮಿಕರಿಂದ ಕಾಸು ಪಡೆಯದೆ ತರಬೇತಿ, ಮರುತರಬೇತಿ ಎರಡನ್ನೂ ಕೊಡಬೇಕು, ಸೂಚನೆಗಳು ಅವರಿಗೆ ಅರ್ಥವಾಗುವಂತಿರಬೇಕು ಎನ್ನುತ್ತದೆ. ಅಮೆರಿಕದ ಗಣಿ ನಿಯಮಗಳಲ್ಲಿ ವರ್ಷಕ್ಕೆ ಕನಿಷ್ಠ 8 ಗಂಟೆಯ ಮರುತರಬೇತಿ ಕಡ್ಡಾಯ. ನಿಮ್ಮಲ್ಲಿ ಎಷ್ಟು ಗಂಟೆ ಎಂಬುದನ್ನು ನಿಮ್ಮ ಕಾನೂನು ಹೇಳುತ್ತದೆ. ಆ ಗಂಟೆಗಳಲ್ಲಿ ಕನಿಷ್ಠ ಅರ್ಧದಷ್ಟು ಸಮಯ ಕಾರ್ಮಿಕರ ಕೈಯಲ್ಲಿ ಏನಾದರೊಂದು ಉಪಕರಣ ಇರುವಂತೆ ಮಾಡುವುದು ಹೇಗೆ ಎಂಬುದು ಈ ಬರಹದ ವಿಷಯ.

ಮೊದಲು ದಾಖಲೆ, ಆಮೇಲೆ ಪಾಠ

ಕಳೆದ ಒಂದೆರಡು ವರ್ಷದ ಅಪಘಾತ ದಾಖಲೆ, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳ ವರದಿ, ಗ್ಯಾಸ್ ಅಲಾರಂ ದಾಖಲೆ, ಪಾಳಿ ಬದಲಾವಣೆಯ ಪುಸ್ತಕ ಇವಿಷ್ಟನ್ನೂ ಮೇಜಿನ ಮೇಲೆ ಹರವಿಕೊಳ್ಳಿ. ಯಾವ ಕೆಲಸ, ಯಾವ ಜಾಗ, ಪಾಳಿಯ ಎಷ್ಟನೇ ಗಂಟೆ ಎಂದು ವಿಂಗಡಿಸಿ. ಪ್ರತಿ ಘಟನೆಗೂ ಒಂದು ಪ್ರಶ್ನೆ ಹಾಕಿ: ಆ ವ್ಯಕ್ತಿಗೆ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಮಾಡಲು ಬರುತ್ತಿರಲಿಲ್ಲವೇ, ಅಥವಾ ಎರಡೂ ಇದ್ದು ಮಾಡಲು ಆಸ್ಪದವಿರಲಿಲ್ಲವೇ?

ಮೂರನೆಯ ಗುಂಪಿಗೆ ತರಬೇತಿ ಮದ್ದಲ್ಲ. ಡಂಪರಿನಲ್ಲಿ ಚಕ್ರಕ್ಕೆ ಕೊಡುವ ಅಡ್ಡಗಟ್ಟೆಯೇ ಇಲ್ಲದಿದ್ದರೆ, ಅಡ್ಡಗಟ್ಟೆಯ ಮಹತ್ವದ ಮೇಲೆ ಚಾಲಕನಿಗೆ ಒಂದು ಗಂಟೆ ಭಾಷಣ ಕೊಟ್ಟು ಪ್ರಯೋಜನವಿಲ್ಲ. ಅಂಥವನ್ನು ಪಟ್ಟಿ ಮಾಡಿ ಮ್ಯಾನೇಜರ್‌ಗೆ ಕಳಿಸಿ, ತರಬೇತಿಯಿಂದ ಕೈಬಿಡಿ. ಉಳಿದವುಗಳಿಂದ ಮೂರೋ ನಾಲ್ಕೋ ವಿಷಯ ಆರಿಸಿದರೆ ಸಾಕು. ಒಂದೇ ದಿನಕ್ಕೆ ಹದಿನಾಲ್ಕು ವಿಷಯ ತುರುಕಿದರೆ ಯಾವುದೂ ನಿಲ್ಲದು. ಕಾನೂನು ಕಡ್ಡಾಯ ಮಾಡಿರುವ, ಆದರೆ ನಿಮ್ಮ ಗಣಿಯಲ್ಲಿ ತೊಂದರೆ ಕೊಡದ ವಿಷಯಗಳನ್ನು ಚುಟುಕಾಗಿ ಮುಗಿಸಿ.

ಗುಂಪು 10–12 ಮಂದಿಯನ್ನು ಮೀರದಿರಲಿ. ರಾತ್ರಿ ಪಾಳಿಯವರನ್ನು ಪಾಳಿ ಮುಗಿದ ಮೇಲೆ ಕೂರಿಸಬೇಡಿ. ಪಾಳಿಯ ಬದಲಿಗೇ ತರಬೇತಿ ಇಡಿ. ಎಂಟು ಗಂಟೆಯನ್ನು ಎರಡೆರಡು ಗಂಟೆಯ ನಾಲ್ಕು ಭಾಗ ಮಾಡಿ ವರ್ಷದುದ್ದಕ್ಕೂ ಹಂಚಲು ನಿಮ್ಮ ನಿಯಮ ಬಿಟ್ಟರೆ ಹಾಗೇ ಮಾಡಿ. ಒಮ್ಮೆ ಕಲಿತು ವರ್ಷವಿಡೀ ಮುಟ್ಟದ ಕೆಲಸ ಕೈತಪ್ಪುತ್ತದೆ.

ಪಾಠಕ್ಕೆ ಮುನ್ನವೇ ಪರೀಕ್ಷೆ ಇಡಿ. ಕಾಗದದ ಪರೀಕ್ಷೆ ಬೇಡ, ಓದುಬರಹ ಕಷ್ಟವಾದವರು ಅಲ್ಲೇ ಮುದುಡಿಕೊಳ್ಳುತ್ತಾರೆ. ಉಪಕರಣ ಕೈಗೆ ಕೊಟ್ಟು 'ಮಾಡಿ ತೋರಿಸಿ' ಎನ್ನಿ. ಯಾರಿಗೆ ಏನು ಬರುತ್ತದೆ ಎಂಬುದು ಮೊದಲ ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ಚೆನ್ನಾಗಿ ಬರುವವರನ್ನು ಪಕ್ಕದವರಿಗೆ ಕಲಿಸಲು ನಿಲ್ಲಿಸಿ. ಅನುಭವಿಗಳಿಗೆ ಬೇಸರವೂ ಆಗದು.

ಸೆಲ್ಫ್ ರೆಸ್ಕ್ಯೂಯರ್: ಇಲ್ಲಿ ಸಮಯ ಸುರಿಯಿರಿ

ಭೂಗತ ಗಣಿಯಾದರೆ ಅತಿ ಹೆಚ್ಚು ಅಭ್ಯಾಸ ಬೇಡುವುದು ಸೆಲ್ಫ್ ರೆಸ್ಕ್ಯೂಯರ್, ಅಂದರೆ ಹೊಗೆ, ವಿಷಾನಿಲ ತುಂಬಿದಾಗ ಉಸಿರಾಡುತ್ತಾ ಹೊರಬರಲು ಕಾರ್ಮಿಕರು ಬಳಸುವ ಉಪಕರಣ. ಅತಿ ಕಳಪೆಯಾಗಿ ಕಲಿಸುವುದೂ ಅದನ್ನೇ. 2006ರ ಜನವರಿ 2ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಸಾಗೋ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 12 ಮಂದಿ ಸತ್ತರು. ಒಳಗೆ ಸಿಕ್ಕಿಬಿದ್ದವರಲ್ಲಿ ಬದುಕಿ ಬಂದ ಒಬ್ಬ ಕಾರ್ಮಿಕ, ಕೆಲವು ರೆಸ್ಕ್ಯೂಯರ್‌ಗಳು ಕೆಲಸ ಮಾಡಲಿಲ್ಲ ಎಂದ. ಆಮೇಲೆ ಅಲ್ಲಿನ ನಿಯಮಗಳು ಬದಲಾದವು: ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಉಸಿರಿಗೆ ತಡೆಯನ್ನೂ ಬಿಸಿಯನ್ನೂ ಕೊಡುವ ಅಭ್ಯಾಸದ ರೆಸ್ಕ್ಯೂಯರ್ ಘಟಕದಲ್ಲಿ ಉಸಿರಾಡಿ ನೋಡಬೇಕು, ಹೊಗೆಯಲ್ಲಿ ಅಥವಾ ಕೃತಕ ಹೊಗೆಯಲ್ಲಿ ಅದನ್ನು ಧರಿಸುವ ಅಭ್ಯಾಸ ಮಾಡಬೇಕು.

ಕಾರಣ ಸರಳ. ಆಮ್ಲಜನಕವನ್ನು ತಾನೇ ತಯಾರಿಸುವ ರಾಸಾಯನಿಕ ಮಾದರಿಯಲ್ಲಿ ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಇರುತ್ತದೆ. ನಾವು ಬಿಡುವ ಉಸಿರಿನ ತೇವ ತಾಗಿದಾಗ ಅದು ಆಮ್ಲಜನಕ ಬಿಡುಗಡೆ ಮಾಡಿ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ, ಜೊತೆಗೆ ಚೆನ್ನಾಗಿ ಕಾಯುತ್ತದೆ. ಬಾಯಿಗೆ ಬರುವ ಗಾಳಿ ಬಿಸಿ, ಒಣ, ಎಳೆಯಲು ಕಷ್ಟ. ಇದನ್ನು ಮೊದಲೇ ಅನುಭವಿಸದವನು 'ಕೆಟ್ಟುಹೋಗಿದೆ' ಎಂದು ಹೊಗೆಯ ನಡುವೆಯೇ ಕಿತ್ತೆಸೆಯುತ್ತಾನೆ. ಬಿಸಿಯಾಗುವುದು ಕೆಲಸ ಮಾಡುತ್ತಿದೆ ಎಂಬುದರ ಗುರುತು ಎಂಬ ಮಾತನ್ನು ಅಭ್ಯಾಸದ ಹೊತ್ತಿಗೆ ನಾಲ್ಕು ಬಾರಿಯಾದರೂ ಹೇಳಿ.

ಕ್ರಮ ಹೀಗಿರಲಿ. ಮೊಣಕಾಲೂರಿ ಕೂರಬೇಕು, ದೀಪದ ಬೆಳಕು ಘಟಕದ ಮೇಲೆ ಬೀಳುವಂತೆ ಟೊಪ್ಪಿಗೆಯನ್ನು ಮುಂದೆ ನೆಲದ ಮೇಲಿಡಬೇಕು. ಕೊರಳಪಟ್ಟಿ ಹಾಕಿಕೊಂಡ ಮೇಲೆ ಜೀವ ಉಳಿಸುವ ಮೂರು ಕೆಲಸ: ಆಮ್ಲಜನಕ ಚಾಲೂ ಮಾಡುವುದು, ಬಾಯಿತುಂಡು ಕಚ್ಚಿ ತುಟಿ ಬಿಗಿಯುವುದು, ಮೂಗಿಗೆ ಕ್ಲಿಪ್ ಹಾಕುವುದು. ಇಲ್ಲಿಗೆ ಶ್ವಾಸಕೋಶ ಹೊರಗಿನ ಗಾಳಿಯಿಂದ ಪಾರು. ಕನ್ನಡಕ, ಸೊಂಟದ ಪಟ್ಟಿ, ಟೊಪ್ಪಿಗೆ ಆಮೇಲಿನ ಮೂರು. ತಪ್ಪುವವರೆಲ್ಲ ಸಾಮಾನ್ಯವಾಗಿ ಪಟ್ಟಿ ಬಿಗಿಯುತ್ತಾ ಕೂತು ಮೂಗಿನ ಕ್ಲಿಪ್ ಮರೆಯುತ್ತಾರೆ. ಮೊದಲ ಮೂರನ್ನು ಅರ್ಧ ನಿಮಿಷದೊಳಗೆ, ಆರನ್ನೂ ಒಂದು ನಿಮಿಷದೊಳಗೆ ಮುಗಿಸುವಂತೆ ಗುರಿ ಕೊಡಿ. ಬೆಳಕಿನಲ್ಲಿ ಎರಡು ಸಲ, ಕಣ್ಣಿಗೆ ಬಟ್ಟೆ ಕಟ್ಟಿ ಎರಡು ಸಲ. ನಂತರ ಬಾಯಿತುಂಡು ಕಚ್ಚಿಕೊಂಡೇ ಹಗ್ಗ ಹಿಡಿದು ನೂರು ಮೀಟರ್ ನಡೆಸಿ. ದಾರಿಯಲ್ಲಿ ಬೇಕೆಂದೇ ಪ್ರಶ್ನೆ ಕೇಳಿ. ಉತ್ತರಿಸಲು ಬಾಯಿತುಂಡು ತೆಗೆದವನು ಆ ಪರೀಕ್ಷೆಯಲ್ಲಿ ಫೇಲ್. ಕೈಸನ್ನೆಗಳನ್ನು ಮುಂಚೆಯೇ ಒಪ್ಪಿಕೊಂಡಿರಬೇಕು.

ಘಟಕದ ಮೇಲೆ ಬರೆದ ನಿಮಿಷಗಳ ಅರ್ಥವನ್ನೂ ತಿಳಿಸಿ. ಕೂತವನಿಗೆ ಅದು ಹೆಚ್ಚು ಹೊತ್ತು ಬಾಳುತ್ತದೆ, ಏರುದಾರಿಯಲ್ಲಿ ಓಡುವವನಿಗೆ ಬೇಗ ತೀರುತ್ತದೆ. ಇನ್ನು ಫಿಲ್ಟರ್ ಮಾದರಿಯದ್ದು ಕಾರ್ಬನ್ ಮೊನಾಕ್ಸೈಡನ್ನು ಮಾತ್ರ ಪರಿವರ್ತಿಸುತ್ತದೆ, ಆಮ್ಲಜನಕ ಕೊಡುವುದಿಲ್ಲ. ಅದರಲ್ಲಿ ಉಸಿರು ಬಿಸಿಯಾದಷ್ಟೂ ಹೊರಗೆ ವಿಷಾನಿಲ ಹೆಚ್ಚಿದೆ ಎಂದೇ ಅರ್ಥ. ಎರಡೂ ಮಾದರಿ ಬಳಸುವ ಗಣಿಗಳಲ್ಲಿ ಈ ಗೊಂದಲ ಪ್ರಾಣಕ್ಕೇ ಕುತ್ತು. ಅಭ್ಯಾಸದ ಬಾಯಿತುಂಡುಗಳನ್ನು ಒಬ್ಬರಿಂದ ಒಬ್ಬರಿಗೆ ಕೊಡುವ ಮುನ್ನ ಸೋಂಕುನಿವಾರಕದಿಂದ ತೊಳೆಯಿರಿ. ಇಲ್ಲದಿದ್ದರೆ ಅರ್ಧ ಮಂದಿ ಬಾಯಿಗೇ ಇಡದೆ ನಟಿಸಿ ಮುಗಿಸುತ್ತಾರೆ.

ಗ್ಯಾಸ್ ಮಾಪಕ

ಮೀಥೇನ್ ಗಾಳಿಯಲ್ಲಿ ಸುಮಾರು ಶೇ 5ರಿಂದ 15ರ ನಡುವೆ ಇದ್ದಾಗ ಸ್ಫೋಟಿಸುತ್ತದೆ ಎಂಬುದು ಎಲ್ಲರ ಬಾಯಲ್ಲೂ ಇರುತ್ತದೆ. ಎಡವುವುದು ಪರದೆಯ ಮೇಲಿನ ಅಂಕಿಯನ್ನು ಓದುವಲ್ಲಿ. ಕೆಲವು ಮಾಪಕ ಮೀಥೇನಿನ ನೇರ ಪ್ರಮಾಣ ತೋರಿಸುತ್ತವೆ, ಕೆಲವು ಸ್ಫೋಟದ ಕೆಳಮಿತಿಯ (ಆ ಶೇ 5ರ) ಶೇಕಡಾವಾರು ತೋರಿಸುತ್ತವೆ. ಎರಡನೆಯದರಲ್ಲಿ 20 ಎಂದರೆ ಐದರ ಐದನೇ ಒಂದು, ಅಂದರೆ ನಿಜವಾಗಿ ಶೇ 1 ಮೀಥೇನ್. ಮೊದಲನೆಯದರಲ್ಲಿ 1 ಎಂದು ಕಂಡು 'ಇನ್ನೂ ತೊಂಬತ್ತೊಂಬತ್ತು ಬಾಕಿ' ಎಂದು ನಿರಾಳವಾದವನಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದೇ ಗೊತ್ತಿಲ್ಲ. ಎರಡೂ ಬಗೆಯ ಹತ್ತು ಅಂಕಿಗಳನ್ನು ಹಲಗೆಯ ಮೇಲೆ ಬರೆದು ಪರಸ್ಪರ ಬದಲಿಸುವ ಅಭ್ಯಾಸ ಮಾಡಿಸಿ, ಹತ್ತು ನಿಮಿಷದ ಕೆಲಸ.

ಇನ್ನೊಂದು ಅಪಾಯದ ಅಂಕಿ: ಗ್ಯಾಸನ್ನು ಉರಿಸಿ ಅಳೆಯುವ ಉತ್ಪ್ರೇರಕ ಸಂವೇದಕಕ್ಕೆ ಕೆಲಸ ಮಾಡಲು ಆಮ್ಲಜನಕ ಬೇಕು. ಗ್ಯಾಸ್ ತೀರಾ ಹೆಚ್ಚಿದ್ದಲ್ಲಿ ಅಂಕಿ ಸರ್ರನೆ ಏರಿ ಕೆಳಗಿಳಿಯುತ್ತದೆ. ಇಳಿದದ್ದು ಒಳ್ಳೆಯ ಸುದ್ದಿಯಲ್ಲ, ತಕ್ಷಣ ಹಿಂದೆ ಸರಿಯಬೇಕು. ಸಿಲಿಕೋನ್ ಇರುವ ಸ್ಪ್ರೇ ಈ ಸಂವೇದಕವನ್ನು ಸದ್ದಿಲ್ಲದೆ ಕೊಲ್ಲುತ್ತದೆ, ಪರದೆ ಮಾತ್ರ ಎಂದಿನಂತೆ ಸೊನ್ನೆ ತೋರಿಸುತ್ತಿರುತ್ತದೆ. ಹಾಗಾಗಿ ಪಾಳಿಗೆ ಮುನ್ನ ಗೊತ್ತಿರುವ ಪ್ರಮಾಣದ ಅನಿಲ ಕೊಟ್ಟು ಅಲಾರಂ ಕೂಗುತ್ತದೆಯೇ ಎಂದು ನೋಡುವ ಬಂಪ್ ಟೆಸ್ಟ್ ಅನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ. ಮೀಥೇನ್ ಹಗುರ, ಸೂರಿನಡಿ ಸೇರುತ್ತದೆ. ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ತಗ್ಗಿಗಿಳಿಯುತ್ತವೆ. ಸೊಂಟಕ್ಕೆ ಸಿಕ್ಕಿಸಿದ ಮಾಪಕ ಸೂರಿನ ಸುದ್ದಿ ಹೇಳದು.

ಸೂರು ತಟ್ಟಿ ನೋಡುವುದನ್ನೂ ಒಳಗೆ ಇಳಿದಾಗಲೇ ಕಲಿಸಬೇಕು: ಬೋಲ್ಟ್ ಹಾಕಿ ಭದ್ರಪಡಿಸಿದ ಭಾಗದಡಿ ನಿಂತು, ಉದ್ದನೆಯ ಸಬ್ಬಲಿನಿಂದ ತಟ್ಟಿದಾಗ ಗಟ್ಟಿ ಕಲ್ಲು ಟಣ್ ಎನ್ನುತ್ತದೆ, ಬಿಟ್ಟುಕೊಂಡದ್ದು ಡೊಳ್ಳಿನಂತೆ ಪೊಳ್ಳು ಸದ್ದು ಕೊಡುತ್ತದೆ. ಕಿವಿಗೆ ಯಂತ್ರದ ಗದ್ದಲವಿದ್ದರೆ ನಂಬಬೇಡಿ, ನಿಲ್ಲಿಸಿ ತಟ್ಟಿ.

ತೆರೆದ ಗಣಿಯ ಡಂಪರ್

ಚಾಲಕನಿಗೆ ಕಾಣದ ಜಾಗವನ್ನು ಚಿತ್ರದಲ್ಲಿ ತೋರಿಸಬೇಡಿ, ನೆಲದ ಮೇಲೆ ಗೀಚಿಸಿ. ಸಮತಟ್ಟು ಜಾಗದಲ್ಲಿ ಡಂಪರ್ ನಿಲ್ಲಿಸಿ, ಹಿಂದಿನ ತೊಟ್ಟಿ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಬ್ಯಾಟರಿ ಸ್ವಿಚ್ ಆರಿಸಿ. ಕೀಲಿ ತರಬೇತುದಾರನ ಜೇಬಿನಲ್ಲಿರಲಿ. ಒಬ್ಬನನ್ನು ಚಾಲಕನ ಸೀಟಿನಲ್ಲಿ ಕೂರಿಸಿ. ಇನ್ನೊಬ್ಬ ಬಂಪರಿನಿಂದ ನೇರ ಮುಂದಕ್ಕೆ ನಡೆಯುತ್ತಾ ಹೋಗಲಿ. ಅವನ ಹೆಲ್ಮೆಟ್ ಮೊದಲು ಕಂಡಲ್ಲಿ ಒಂದು ಕೋನ್, ಪಾದ ಕಂಡಲ್ಲಿ ಇನ್ನೊಂದು ಕೋನ್. ಸುತ್ತ ಎಂಟು ದಿಕ್ಕಿಗೂ ಹೀಗೆ ಮಾಡಿ ಕೋನ್‌ಗಳ ನಡುವೆ ಸುಣ್ಣದ ಗೆರೆ ಎಳೆಯಿರಿ. ಚಾಲಕನ ಸೀಟು ಇಲ್ಲದ ಬದಿಯಲ್ಲಿ ಗೆರೆ ಬಹಳ ದೂರ ಹೋಗುತ್ತದೆ. ಕೊನೆಗೆ ಗೆರೆಯೊಳಗೆ ಒಂದು ಜೀಪ್ ತಂದು ನಿಲ್ಲಿಸಿ, ಎಲ್ಲರೂ ಸರದಿಯಲ್ಲಿ ಮೇಲೆ ಹತ್ತಿ ನೋಡಲಿ. ಜೀಪಿನವರೂ, ಸರ್ವೇಯರ್‌ಗಳೂ, ಕಚೇರಿಯವರೂ ಹತ್ತಲೇಬೇಕು, ಏಕೆಂದರೆ ಡಂಪರ್ ಹತ್ತಿರ ಅಡ್ಡಾಡುವವರು ಅವರೇ.

ಅದೇ ದಿನ ರಸ್ತೆಯಂಚಿನ ಮಣ್ಣುದಿಬ್ಬವನ್ನೂ ಅಳತೆಪಟ್ಟಿ ಹಿಡಿದು ನೋಡಿ. ಆ ರಸ್ತೆಯಲ್ಲಿ ಓಡುವ ಅತಿ ದೊಡ್ಡ ವಾಹನದ ಚಕ್ರದ ಅರ್ಧ ಎತ್ತರಕ್ಕಿಂತ ಕಡಿಮೆಯಿರುವ ದಿಬ್ಬ ಆ ವಾಹನವನ್ನು ತಡೆಯುವುದಿಲ್ಲ.

ಯಂತ್ರ ಬಂದ್ ಮಾಡಿ ಬೀಗ ಹಾಕುವುದು

ಇಳಿಜಾರಿನ ಕನ್ವೇಯರ್ ಬೆಲ್ಟ್ ಒಂದರ ಮುಂದೆ ಗುಂಪನ್ನು ನಿಲ್ಲಿಸಿ, ಇದರಲ್ಲಿ ಕೈ ಹಾಕುವ ಮುನ್ನ ಯಾವ್ಯಾವ ಶಕ್ತಿಯನ್ನು ಕಟ್ಟಿಹಾಕಬೇಕು ಎಂದು ಕೇಳಿ. ಕರೆಂಟ್ ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಬೆಲ್ಟ್ ಬಿಗಿಯಾಗಿಡಲು ತೂಗುಬಿಟ್ಟ ಭಾರ, ಬೆಲ್ಟಿನಲ್ಲಿ ಉಳಿದ ಎಳೆತ, ಹಿಂದಕ್ಕೆ ಜಾರಬಲ್ಲ ಅದಿರಿನ ಹೊರೆ, ಮೇಲಿನಿಂದ ಅದಿರು ಸುರಿಯುವ ಚ್ಯೂಟಿನಲ್ಲಿ ಕಚ್ಚಿಕೊಂಡ ಕಲ್ಲು ಉಳಿದ ನಾಲ್ಕು. ಅವರಾಗಿಯೇ ಹುಡುಕುವವರೆಗೆ ಬಾಯಿ ಬಿಡಬೇಡಿ, ಮೌನ ಎಷ್ಟೇ ಕಿರಿಕಿರಿಯಾದರೂ ಸರಿ. ನಂತರ ಪ್ರತಿಯೊಬ್ಬರೂ ತಮ್ಮದೇ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ, ಸ್ಟಾರ್ಟ್ ಗುಂಡಿ ಒತ್ತಿ ಚಾಲೂ ಆಗದ್ದನ್ನು ಖಚಿತ ಮಾಡಿಕೊಳ್ಳಲಿ. ಬೆಲ್ಟ್ ನಿಲ್ಲಿಸುವ ತುರ್ತು ಹಗ್ಗ ಎಳೆದಿದ್ದೇನೆ ಎಂಬುದು ಬೀಗ ಹಾಕಿದ್ದಕ್ಕೆ ಸಮವಲ್ಲ. ಯಾರೋ ರೀಸೆಟ್ ಮಾಡಿದರೆ ಬೆಲ್ಟ್ ಓಡುತ್ತದೆ.

ಸಿಮ್ಯುಲೇಟರ್, ಗುತ್ತಿಗೆಯವರು, ಎಂಜಿನಿಯರ್‌ಗಳು

ಬ್ರೇಕ್ ವಿಫಲವಾಗುವುದು, ಟೈರ್ ಸಿಡಿಯುವುದು, ಎಂಜಿನ್‌ಗೆ ಬೆಂಕಿ ಹತ್ತುವುದು: ನಿಜವಾಗಿ ಅಭ್ಯಾಸ ಮಾಡಲಾಗದ ಇಂಥವಕ್ಕೆ ಸಿಮ್ಯುಲೇಟರ್ ಒಳ್ಳೆಯದು. ಮೊದಲ ಸಲ 15–20 ನಿಮಿಷಕ್ಕೆ ನಿಲ್ಲಿಸಿ, ಕೆಲವರಿಗೆ ತಲೆಸುತ್ತು ಬರುತ್ತದೆ. ಒದ್ದೆ ನೆಲದ ಜಾರಿಕೆಯನ್ನು ಅದು ಕಲಿಸದು.

ಗುತ್ತಿಗೆ ಕಾರ್ಮಿಕರಿಗೂ ಇದೇ ತರಬೇತಿ, ಇದೇ ಪರೀಕ್ಷೆ. ಅವರ ಭಾಷೆ ಬೇರೆಯಾದರೆ ಅನುವಾದಕನನ್ನು ಕೂರಿಸಿ; ತಲೆಯಾಡಿಸಿದ್ದನ್ನು ಒಪ್ಪಿಗೆ ಎನ್ನಬೇಡಿ. ದೀರ್ಘ ರಜೆ ಮುಗಿಸಿ ಬಂದವರಿಗೂ ಯಂತ್ರ ಬದಲಾದವರಿಗೂ ವಾರ್ಷಿಕ ದಿನಕ್ಕೆ ಕಾಯದೆ ಆ ವಾರವೇ ಕೊಡಿ.

ಎಂಜಿನಿಯರ್, ಫೋರ್‌ಮನ್‌ಗಳ ಮುಂದುವರಿದ ಶಿಕ್ಷಣ ಸಾಮಾನ್ಯವಾಗಿ ಸೆಮಿನಾರ್ ಪ್ರಮಾಣಪತ್ರಗಳಲ್ಲಿ ಮುಗಿದುಹೋಗುತ್ತದೆ. ಅದಕ್ಕಿಂತ ಉಪಯುಕ್ತ: ವಾತಾಯನ (ಗಾಳಿಯಾಡಿಕೆ) ನೋಡಿಕೊಳ್ಳುವವನು ವರ್ಷಕ್ಕೊಮ್ಮೆ ತನ್ನ ಗಣಿಯ ಫ್ಯಾನ್ ನಿಂತರೆ ಎಷ್ಟು ನಿಮಿಷಕ್ಕೆ ಅಗೆತ ನಡೆಯುವ ಯಾವ ಮುಖದಲ್ಲಿ ಗ್ಯಾಸ್ ಏರೀತು ಎಂದು ಲೆಕ್ಕ ಹಾಕಿ, ಅದನ್ನು ಪಾಳಿ ಮೇಲ್ವಿಚಾರಕರ ಮುಂದೆ ಸಮರ್ಥಿಸಲಿ. ಪ್ರಶ್ನೆಗಳು ಎಷ್ಟು ಚೂಪಾಗಿ ಬರುತ್ತವೆ ನೋಡಿ.

ದಾಖಲೆ ಮತ್ತು ಮರುಪರೀಕ್ಷೆ

ರಿಜಿಸ್ಟರಿನಲ್ಲಿ 'ಅರ್ಥಮಾಡಿಕೊಂಡರು' ಎಂದು ಬರೆಯಬೇಡಿ. ಹೆಸರು, ಕೆಲಸ, ದಿನಾಂಕ, ನೋಡಿದವರು ಯಾರು, ಮತ್ತು 'ಯಾರೂ ನೆನಪಿಸದೆ ಎರಡು ಬಾರಿ ಸರಿಯಾಗಿ ಮಾಡಿದರು' ಅಥವಾ 'ಮೂಗಿನ ಕ್ಲಿಪ್ ತಪ್ಪಿತು, ಮತ್ತೆ ಪರೀಕ್ಷಿಸಬೇಕು' ಎಂಬಂಥ ಸಾಲು ಬರೆಯಿರಿ. ಪಾಸಾಗದವರು ಆ ಕೆಲಸಕ್ಕೆ ಒಬ್ಬರೇ ಹೋಗುವಂತಿಲ್ಲ ಎಂಬುದು ಪಾಳಿ ಹಂಚುವವರ ಪಟ್ಟಿಯಲ್ಲೂ ಕಾಣಬೇಕು, ಇಲ್ಲದಿದ್ದರೆ ಆ ಸಾಲು ತರಬೇತಿ ಕೊಠಡಿಯ ಬೀರುವಿನಲ್ಲೇ ಕೊಳೆಯುತ್ತದೆ.

ಮೂವತ್ತನೇ ದಿನ ಪಾಳಿ ಆರಂಭದ ಹತ್ತು ನಿಮಿಷದಲ್ಲಿ, ಮುಂಚೆ ತಿಳಿಸದೆ ಇಬ್ಬರನ್ನು ಕರೆದು ರೆಸ್ಕ್ಯೂಯರ್ ಧರಿಸಲು ಹೇಳಿ, ಗಡಿಯಾರ ಹಿಡಿಯಿರಿ. ತೊಂಬತ್ತನೇ ದಿನ ಬೇರೆ ಇಬ್ಬರು. ಇಬ್ಬರೂ ಎಡವಿದರೆ ತಪ್ಪು ತರಬೇತಿಯದ್ದು. ಇಡೀ ಪಾಳಿಗೆ ಆ ವಾರವೇ ಅರ್ಧ ಗಂಟೆಯ ಮರು ಅಭ್ಯಾಸ ಇಡಿ, ಮುಂದಿನ ಗುಂಪಿಗೆ ಆ ಭಾಗದ ಸಮಯ ಹೆಚ್ಚಿಸಿ.